ಹೆಸರಿಲ್ಲದ ಅಂಗ, ಹೆಸರಿಲ್ಲದ ಕೈ

ಅತ್ತಿಬೆಲೆಯ ಕ್ಲಿನಿಕ್ಕುಗಳಲ್ಲಿ ರಕ್ತಪರೀಕ್ಷೆಗೆ ಕೈ ಚಾಚಿದವರಿಗೆ ‘ನರ ಸಿಗ್ತಿಲ್ಲ, ಮುಷ್ಟಿ ಬಿಗಿ ಮಾಡಿ’ ಎಂಬ ಮಾತು ಹೊಸದಲ್ಲ. ಗಡಿಯಾಚೆಯ ಹೊಸೂರಿನಿಂದ ಬಂದವರಿಗೆ ಅದೇ ಮಾತು ತಮಿಳಿನಲ್ಲಿ: ‘ನರಂಬು’. ಸೂಜಿ ಹುಡುಕುತ್ತಿರುವುದು ರಕ್ತನಾಳವನ್ನು. ಕಾಲು ಸೆಳೆತ ಬಂದರೂ ‘ನರ ಎಳೆಯಿತು’ ಅನ್ನುತ್ತೇವೆ. ಶಾಲೆಯ ಪುಸ್ತಕದಲ್ಲಿ ಮಾತ್ರ ನರವೆಂದರೆ ಮಿದುಳಿನ ಸಂದೇಶ ಒಯ್ಯುವ ತಂತು. ವೈದ್ಯರು ‘ನರದ ತೊಂದರೆ’ ಎಂದಾಗ ರೋಗಿ ಇವುಗಳಲ್ಲಿ ಯಾವುದನ್ನು ಕೇಳಿಸಿಕೊಂಡಿರುತ್ತಾನೆ?

ಈ ಪ್ರಶ್ನೆ ಇಟ್ಟುಕೊಂಡು ಓದಬೇಕಾದ ಪುಸ್ತಕ ಜಪಾನಿನ ವೈದ್ಯ ಸುಗಿತಾ ಗೆನ್ಪಾಕುವಿನ ‘ರಂಗಾಕು ಕೊತೊಹಾಜಿಮೆ’. ಡಚ್ ವಿದ್ಯೆ ಜಪಾನಿನಲ್ಲಿ ಬೇರೂರಿದ ಬಗೆಯನ್ನು ಅವನು 1815ರಲ್ಲಿ, ಎಂಬತ್ತು ದಾಟಿದ ಮೇಲೆ, ನೆನೆದು ಬರೆದದ್ದು. ಆ ಕಾಲದಲ್ಲಿ ಜಪಾನಿನೊಡನೆ ವ್ಯಾಪಾರಕ್ಕೆ ಯುರೋಪಿನವರಲ್ಲಿ ಡಚ್ಚರಿಗಷ್ಟೇ ಅವಕಾಶವಿತ್ತು. ಹಾಗಾಗಿ ಜರ್ಮನ್ ವೈದ್ಯವೂ ಡಚ್ ಮಾತಿನಲ್ಲೇ ಬಂತು. ಯೋಹಾನ್ ಆಡಮ್ ಕುಲ್ಮುಸ್ 1722ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಅಂಗರಚನೆಯ ಪುಸ್ತಕ 1734ರಲ್ಲಿ ಡಚ್ಚಿಗೆ ಅನುವಾದವಾಯಿತು. ಗೆನ್ಪಾಕು ಮತ್ತು ಗೆಳೆಯರು ಅದನ್ನು 1774ರಲ್ಲಿ ‘ಕೈತಾಯ್ ಶಿನ್ಶೊ’ ಎಂದು ಹೊರತಂದರು. ನರಕ್ಕೆ ಅವರಲ್ಲಿ ಪದವಿರಲಿಲ್ಲ. ಚೀನೀ ವೈದ್ಯದ ಹಳೆಯ ಪದಗಳಿಂದ ತುಂಡು ತೆಗೆದು ಜೋಡಿಸಿ ‘ಶಿಂಕೆಯ್’ ಎಂದು ಕಟ್ಟಿದರು. ಜಪಾನಿಗರು ಇಂದಿಗೂ ಬಳಸುವುದು ಅದನ್ನೇ.

ಈ ಪುಸ್ತಕದಲ್ಲಿ ಎಲ್ಲರ ಬಾಯಲ್ಲಿರುವುದು ಮೂಗಿನ ಪ್ರಸಂಗ. ಮೂಗನ್ನು ವರ್ಣಿಸುವ ಒಂದು ಡಚ್ ಪದ ಯಾರಿಗೂ ಅರ್ಥವಾಗುವುದಿಲ್ಲ. ಅಂಗಳ ಗುಡಿಸಿದಾಗ ಸೇರುವ ಕಸಕ್ಕೂ ಅದೇ ಪದವಿದೆಯೆಂದು ಒಂದು ಕಿರುಹೊತ್ತಗೆಯಲ್ಲಿ ಸಿಗುತ್ತದೆ. ಗುಡ್ಡೆಯಾಗುವುದು, ಅಂದರೆ ಉಬ್ಬಿ ನಿಲ್ಲುವುದು! ಕಥೆ ಸೊಗಸಾಗಿದೆ. ಆದರೆ ಡಚ್ ಪುಸ್ತಕದ ಮೂಗಿನ ಭಾಗದಲ್ಲಿ ಆ ಪದವೇ ಇಲ್ಲವೆಂದು ಸಂಶೋಧಕರು ತೋರಿಸಿದ್ದಾರೆ. ನಲವತ್ತು ವರ್ಷ ಹಳೆಯ ನೆನಪು ತಾನೇ ಕಥೆ ಕಟ್ಟಿಕೊಂಡಿದೆ.

ನನಗೆ ದೊಡ್ಡದೆನಿಸುವುದು ಇನ್ನೊಂದು ಪುಟ. 1771ರಲ್ಲಿ ಎದೊ ನಗರದ (ಇಂದಿನ ಟೋಕಿಯೊ) ವಧಾಸ್ಥಾನದಲ್ಲಿ, ಮರಣದಂಡನೆಯಾದ ಹೆಂಗಸಿನ ದೇಹವನ್ನು ಕೊಯ್ದು ತೋರಿಸಿದವನು ತೊಂಬತ್ತರ ಮುದುಕ. ಸಮಾಜ ಹೊಲೆಯೆಂದು ದೂರವಿಟ್ಟ ಸಮುದಾಯದವನು. ಪುಸ್ತಕ ಹಿಡಿದು ನಿಂತ ವೈದ್ಯರಿಗೆ ಒಂದೊಂದೇ ಅಂಗ ತೋರಿಸುತ್ತ, ಕೆಲವಕ್ಕೆ ಹೆಸರು ತಿಳಿಯದು, ಆದರೆ ತಾನು ಕೊಯ್ದ ಎಲ್ಲ ದೇಹಗಳಲ್ಲೂ ಅವು ಅಲ್ಲಲ್ಲೇ ಇದ್ದವು ಎನ್ನುತ್ತಾನೆ. ಹಿಂದೆ ನೋಡಲು ಬಂದ ವೈದ್ಯರು ಇದೇನು, ಅದೇನು ಎಂದು ಕೇಳಿದ್ದೇ ಇಲ್ಲವಂತೆ. ಕುಲ್ಮುಸನ ಚಿತ್ರಗಳು ನಿಜವೆಂದು ಖಚಿತವಾದದ್ದು ಈ ಕೈಯಿಂದ. ಗೆನ್ಪಾಕು ಮುದುಕನ ಮಾತನ್ನು ಬರೆದಿಟ್ಟ, ಹೆಸರನ್ನು ಬರೆಯಲಿಲ್ಲ. ಪುಸ್ತಕದ ಹಿರಿಮೆ, ಮಿತಿ ಎರಡೂ ಇಲ್ಲಿವೆ.

ಹೆಸರು ಬಿಟ್ಟುಹೋಗುವುದು ಅಲ್ಲಿಗೆ ನಿಲ್ಲಲಿಲ್ಲ. ಗೆಳೆಯರಲ್ಲಿ ಡಚ್ ಚೆನ್ನಾಗಿ ಬಲ್ಲ ಮಾಯೆನೊ ರ್ಯೋತಾಕುವಿನ ಹೆಸರೂ ಅನುವಾದಕರ ಸಾಲಿನಲ್ಲಿಲ್ಲ. 1890ರಲ್ಲಿ ಕಿತಾಸಾತೊ ಶಿಬಾಸಾಬುರೊ ಬರ್ಲಿನ್ನಿನಲ್ಲಿ ಎಮಿಲ್ ಬೇರಿಂಗ್ ಜೊತೆಗೂಡಿ ಪ್ರತಿವಿಷದ ಬಗ್ಗೆ ಪ್ರಬಂಧ ಪ್ರಕಟಿಸಿದ. 1901ರಲ್ಲಿ ವೈದ್ಯಕೀಯದ ಮೊದಲ ನೊಬೆಲ್ ಬಂದದ್ದು ಬೇರಿಂಗ್ ಒಬ್ಬನಿಗೇ.

ವೈದ್ಯವನ್ನು ಕನ್ನಡಿಸುವುದು ನಮಗೂ ಹಳೆಯ ಕೆಲಸವೇ. ಪೂಜ್ಯಪಾದರ ಸಂಸ್ಕೃತ ‘ಕಲ್ಯಾಣಕಾರಕ’ವನ್ನು ಜಗದ್ದಳ ಸೋಮನಾಥ 12ನೇ ಶತಮಾನದಲ್ಲೇ ಕನ್ನಡಕ್ಕೆ ತಂದ. ಆದರೆ ಈಚೆಗೆ ಪಾರಿಭಾಷಿಕ ಪದ ಕಟ್ಟುವಾಗ ನಾವು ಸಂಸ್ಕೃತದ ಕಡೆ ನೋಡಿದಷ್ಟು ಸೂಲಗಿತ್ತಿಯರ, ಮೂಳೆ ಕಟ್ಟುವವರ, ಸೂಜಿ ಹಿಡಿದ ಸಿಸ್ಟರ್‌ಗಳ ಕಡೆ ನೋಡಿಲ್ಲ. ಅವರ ‘ನರ’ ಅಜ್ಞಾನವಲ್ಲ. ಚರ್ಮದಡಿ ಬೆರಳಿಗೆ ದಾರದಂತೆ ಸಿಗುವುದೆಲ್ಲ ಅವರಿಗೆ ನರ. ರೋಗಿಗೆ ತಿಳಿಯುವಂತೆ ರಕ್ತನಾಳವನ್ನೂ ನರವನ್ನೂ ಬೇರೆ ಮಾಡಿ ಹೇಳಲೇಬೇಕು. ಆದರೆ ಹೊಸ ಪದ ಕಟ್ಟುವ ಮೊದಲು, ‘ಇದಕ್ಕೆ ನೀವೇನಂತೀರಿ?’ ಎಂದು ಅವರನ್ನು ಒಂದು ಮಾತು ಕೇಳೋಣ.