ಮ್ಯಾಲ ಎಷ್ಟ ಕೊಡಬೇಕು?

2025ರ ದೀಪಾವಳಿಯ ಹಿಂದಿನ ವಾರ ಗದಗಿನ ಒಂದು ಶೋರೂಮಿನ ಅಂಗಳದಲ್ಲಿ ನನ್ನ ಅಕ್ಕನ ಮಗನ ಕಾರು ನಿಂತಿತ್ತು. ಅವನು ಮುಂಡರಗಿಯಲ್ಲಿ ಮಾಸ್ತರ. ಅದೇ ವರ್ಷ ಏಪ್ರಿಲ್ 30ರಂದು, ಅಕ್ಷಯ ತೃತೀಯದ ದಿನ, ಗಾಲಿಗೆ ನಿಂಬೆಹಣ್ಣು ಇಟ್ಟು ಮನೆಗೆ ತಂದ ಗಾಡಿ ಅದು. ಓಡಿದ್ದು ಆರು ಸಾವಿರ ಕಿಲೋಮೀಟರ್. ಹಿಂದಿನ ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿರಲಿಲ್ಲ. ಅದನ್ನು ಕೊಟ್ಟು, ಮೇಲೆ ರೊಕ್ಕ ಹಾಕಿ, ಎತ್ತರದ ದೊಡ್ಡ ಗಾಡಿ ತರುವುದು ಅವನ ವಿಚಾರ.

ಗಾಡಿ ನೋಡಲು ಬಂದ ಹುಡುಗ ಬಲು ಚುರುಕು. ಬಾಗಿಲ ಅಂಚಿನ ರಬ್ಬರನ್ನು ಬೆರಳಿನಿಂದ ಸರಿಸಿ ಒಳಗಿನ ವೆಲ್ಡಿಂಗ್ ಚುಕ್ಕೆಗಳನ್ನು ನೋಡಿದ. ಡಿಕ್ಕಿಯ ಕಾರ್ಪೆಟ್ ಎತ್ತಿದ. ಟೈರಿನ ಪಕ್ಕದಲ್ಲಿ ಒತ್ತಿದ ನಾಲ್ಕು ಅಂಕಿ ಓದಿದ. ಮೊದಲೆರಡು ಅಂಕಿ ತಯಾರಾದ ವಾರ, ಕೊನೆಯೆರಡು ವರ್ಷ. ಆಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಮುಂದಿನ ಗಾಲಿಯ ಕಮಾನಿನೊಳಗೆ ಪೆನ್ನು ಹಾಕಿ ಕೆರೆದ. ಒಣಗಿದ ಎರಿ ಮಣ್ಣಿನ ಹೆಂಟೆಯೊಂದು ಕಳಚಿ ಅವನ ಅಂಗೈಗೆ ಬಿತ್ತು. "ಹೊಲಕ್ಕ ಒಯ್ತೀರೇನ್ರೀ ಸರ್?" ಅಂದ. ನನ್ನ ಅಳಿಯ ಸುಮ್ಮನಿದ್ದ. ಹುಡುಗ ಹಾಳೆಯಲ್ಲಿ ಏನೋ ಗುರುತು ಹಾಕಿಕೊಂಡ.

ಒಳಗೆ ಮೇಜಿನ ಮುಂದೆ ನಮಗೊಂದು ಚೀಟಿ ಬಂತು. ಅದರಲ್ಲಿ ಹತ್ತಾರು ಅಂಕಿಗಳಿದ್ದವು, ಸುತ್ತು ಹಾಕಿದ್ದು ಒಂದಕ್ಕೆ ಮಾತ್ರ. "ಕಂತು ಬರೇ ಒಂಬತ್ತ ಸಾವಿರ ಹೆಚ್ಚಾಕ್ಕೈತ್ರಿ ಸರ್, ಅಷ್ಟ." ಅಳಿಯ ನನ್ನ ಮುಖ ನೋಡಿದ. ಮುಖ್ಯ ಲೆಕ್ಕ ಸುತ್ತು ಹಾಕದ ಅಂಕಿಗಳಲ್ಲೇ ಇತ್ತು. ಈಗ ನಮ್ಮ ಗದಗ-ಬೆಟಗೇರಿಯಲ್ಲಿ, ಲಕ್ಷ್ಮೇಶ್ವರದಲ್ಲಿ, ಶಿರಹಟ್ಟಿಯಲ್ಲಿ ಹೊಸದರಂತಿರುವ ಗಾಡಿಯನ್ನೇ ಕೊಟ್ಟು ಮತ್ತೊಂದು ತರುವವರು ಕಣ್ಣಿಗೆ ಬೀಳುತ್ತಿದ್ದಾರೆ. ಇವರಿಗೆಲ್ಲ ಬೆಲೆಯನ್ನು ಪೂರ್ತಿಯಾಗಿ ಯಾರೂ ಹೇಳುವುದಿಲ್ಲ. "ಮ್ಯಾಲ ಎಷ್ಟ ಕೊಡಬೇಕು" ಎಂಬುದೊಂದೇ ಮಾತು ನಡೆಯುತ್ತದೆ. ಈ ರೂಢಿಯ ಬಗ್ಗೆ ನನ್ನ ತಕರಾರು ಇಲ್ಲಿಂದಲೇ ಶುರು.

ಅದಲಾಬದಲಿ ನಮ್ಮ ಸೀಮೆಗೆ ಹೊಸದೇನಲ್ಲ. ಎತ್ತು ಕೊಟ್ಟು ಎತ್ತು ತರುವುದು, ಮೇಲೆ ಇಷ್ಟು ಅಂತ ರೊಕ್ಕ ಹಾಕುವುದು, ನಮ್ಮಪ್ಪನ ಕಾಲದ ದನದ ಸಂತೆಯಲ್ಲಿ ದಿನನಿತ್ಯದ ವ್ಯವಹಾರ. ಹಲ್ಲು ಹಿಡಿದು ನೋಡುತ್ತಿದ್ದರು: ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು. ಸುಳಿ ನೋಡುತ್ತಿದ್ದರು. ಗಾಡಿಗೆ ಹೂಡಿ ಒಂದು ಸುತ್ತು ನಡೆಸುತ್ತಿದ್ದರು. ಆಮೇಲೆ ದಲ್ಲಾಳಿ ಟಾವೆಲ್ ಕೆಳಗೆ ಕೈ ಹಿಡಿದು ಬೆರಳಿನಲ್ಲೇ ದರ ಹೇಳುತ್ತಿದ್ದ. ಸುತ್ತ ನಿಂತವರಿಗೆ ದರ ಗೊತ್ತಾಗದಿದ್ದರೂ ಕೈಯೊಳಗೆ ಕೈಯಿಟ್ಟವನಿಗೆ ಗೊತ್ತಾಗುತ್ತಿತ್ತು, ತನ್ನ ಎತ್ತಿಗೆ ಎಷ್ಟು, ಅವನದಕ್ಕೆ ಎಷ್ಟು ಅಂತ ಬೇರೆ ಬೇರೆಯಾಗಿ. ಆ ಸಂತೆಯಲ್ಲೂ ಮೋಸವಿತ್ತು, ದಲ್ಲಾಳಿಗಳೇನು ಸಾಧುಗಳಾಗಿರಲಿಲ್ಲ. ಆದರೂ ಎರಡೂ ಎತ್ತಿನ ಬೆಲೆ ಕಟ್ಟದೆ ಮೇಲಿನ ರೊಕ್ಕದ ಮಾತು ಏಳುತ್ತಿರಲಿಲ್ಲ.

ಇನ್ನೊಂದು ರೂಢಿ ಇತ್ತು. ಈಗಷ್ಟೇ ಪಳಗಿದ ಎರಡು ಹಲ್ಲಿನ ಎತ್ತನ್ನು ಯಾರಾದರೂ ಸಂತೆಗೆ ಹೊಡೆದುಕೊಂಡು ಬಂದರೆ ನೋಡುವವರು ಮೊದಲು ಕೇಳುವುದು "ಏನ ಐಬೈತಿ ಇದಕ್ಕ?" ಅಂತ. ಐಬಿಲ್ಲದೆ ಅಂಥ ಎತ್ತು ಯಾರು ಬಿಡುತ್ತಾರೆ? ಮಾಲೀಕ ಎಷ್ಟೇ ಆಣೆ ಮಾಡಲಿ, ಆ ಅನುಮಾನದಿಂದಲೇ ನಾಲ್ಕು ಕಾಸು ಕಡಿಮೆಯಾಗುತ್ತಿತ್ತು. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಪ್ರಬಂಧದ ತಿರುಳೂ ಇದೇ. ಶೋರೂಮಿನಿಂದ ಆಗಷ್ಟೇ ಹೊರಬಿದ್ದ ಕಾರಿನ ಬೆಲೆ ಯಾಕೆ ಅಷ್ಟೊಂದು ಕುಸಿಯುತ್ತದೆ ಎಂಬ ಪ್ರಶ್ನೆಯನ್ನು ಅವರು ಎತ್ತಿಕೊಂಡರು. ಮಾರುವವನಿಗೆ ಗಾಡಿಯ ಒಳಗುಟ್ಟು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಒಳ್ಳೆಯ ಗಾಡಿಗೂ ಕೆಟ್ಟ ಗಾಡಿಯ ಅನುಮಾನ ಅಂಟುತ್ತದೆ. 2001ರಲ್ಲಿ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು. ನಮ್ಮ ಅಳಿಯನ ಗಾಡಿಗೆ ಯಾವ ಐಬೂ ಇರಲಿಲ್ಲ. ಆರು ತಿಂಗಳಿಗೇ ಮಾರುತ್ತಿದ್ದಾನೆ ಎಂಬುದೇ ಅದರ ಐಬಾಯಿತು.

ಈಗ ಲೆಕ್ಕಕ್ಕೆ ಬರುತ್ತೇನೆ. ಗಾಡಿಯ ಎಕ್ಸ್ ಶೋರೂಂ ಬೆಲೆ 8 ಲಕ್ಷ. ಕರ್ನಾಟಕದಲ್ಲಿ 5ರಿಂದ 10 ಲಕ್ಷದೊಳಗಿನ ಕಾರಿಗೆ ಜೀವಿತಾವಧಿ ತೆರಿಗೆ ಶೇ 14, ಅದರ ಮೇಲೆ ಸೆಸ್ ಸೇರಿ ಶೇ 15.54. ಅಂದರೆ ಸುಮಾರು 1.24 ಲಕ್ಷ. ವಿಮೆಗೆ ನಲವತ್ತು ಸಾವಿರದ ಹತ್ತಿರ. ರಸ್ತೆಗಿಳಿಯುವಾಗ ಒಟ್ಟು 9.6 ಲಕ್ಷ ಮೀರಿತ್ತು. ಶೋರೂಮಿನವರು ಕಟ್ಟಿದ ಬೆಲೆ 6.20 ಲಕ್ಷ, ಮೇಲೆ 30 ಸಾವಿರ ಎಕ್ಸ್‌ಚೇಂಜ್ ಬೋನಸ್. ಬೋನಸ್ ಹಿಡಿದರೂ 3.1 ಲಕ್ಷ ಕರಗಿತ್ತು. ಓಡಿದ ಆರು ಸಾವಿರ ಕಿಲೋಮೀಟರಿಗೆ ಹಂಚಿದರೆ ಕಿಲೋಮೀಟರಿಗೆ ಐವತ್ತು ರೂಪಾಯಿ ದಾಟುತ್ತದೆ, ಪೆಟ್ರೋಲ್ ಬಿಟ್ಟು. ಮುಂಡರಗಿಯಿಂದ ಗದಗ ಸುಮಾರು ನಲವತ್ತು ಕಿಲೋಮೀಟರ್. ಒಮ್ಮೆ ಹೋಗಿ ಬಂದರೆ ನಾಲ್ಕು ಸಾವಿರ. ಒಬ್ಬ ಮಾಸ್ತರನ ಮನೆಯಲ್ಲಿ ಈ ಖರ್ಚನ್ನು ನಾಲ್ಕು ಸಾವಿರ ಅಂತ ಬಾಯಿಬಿಟ್ಟು ಹೇಳಿದ್ದರೆ ಯಾರೂ ಒಪ್ಪುತ್ತಿರಲಿಲ್ಲ.

ತೆರಿಗೆಯ ವಿಷಯವನ್ನು ಶೋರೂಮಿನಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಜೀವಿತಾವಧಿ ತೆರಿಗೆ ಹದಿನೈದು ವರ್ಷಕ್ಕೆ ಒಮ್ಮೆಲೇ ಕಟ್ಟುವಂಥದ್ದು. ರಾಜ್ಯದೊಳಗೇ ಮಾರಿದರೆ ಅದು ವಾಪಸ್ ಬರುವುದಿಲ್ಲ, ಗಾಡಿಯ ಸಂಗಡ ಮುಂದಿನ ಮಾಲೀಕನ ಪಾಲಾಗುತ್ತದೆ. ಹದಿನೈದು ವರ್ಷದ ತೆರಿಗೆ ಕಟ್ಟಿ ಆರು ತಿಂಗಳು ಓಡಿಸಿ ಉಳಿದದ್ದನ್ನು ಬಿಟ್ಟುಕೊಟ್ಟಂತೆ. ಮೇಲಾಗಿ ಅವನು ನೋಡಿದ ದೊಡ್ಡ ಗಾಡಿ 12 ಲಕ್ಷದ್ದು. 10 ಲಕ್ಷ ದಾಟಿದರೆ ತೆರಿಗೆ ಶೇ 17, ಸೆಸ್ ಸೇರಿ ಶೇ 18.87. ಅಲ್ಲಿಗೆ 2.26 ಲಕ್ಷ. ಒಂದೇ ವರ್ಷದಲ್ಲಿ ಒಂದೇ ಮನೆಯಿಂದ ಎರಡು ತೆರಿಗೆ, ಮೂರೂವರೆ ಲಕ್ಷ.

ಆ ವರ್ಷ ಇನ್ನೊಂದು ಪೆಟ್ಟೂ ಬಿದ್ದಿತ್ತು. ನಾಲ್ಕು ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿನ ಮೇಲೆ ಶೇ 28 ಜಿಎಸ್‌ಟಿ ಮತ್ತು ಶೇ 1 ಸೆಸ್ ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ, ನವರಾತ್ರಿಯ ಮೊದಲ ದಿನದಿಂದ, ಶೇ 18ಕ್ಕೆ ಇಳಿಯಿತು. ಇಳಿಕೆ ಪೂರ್ತಿ ಗ್ರಾಹಕನಿಗೆ ದಕ್ಕಿದರೆ 8 ಲಕ್ಷದ ಗಾಡಿ ಸುಮಾರು 7.32 ಲಕ್ಷಕ್ಕೆ ಬರುತ್ತದೆ. ವಿಮೆಯ ಪಟ್ಟಿಯ ಪ್ರಕಾರ ಆರು ತಿಂಗಳೊಳಗಿನ ಗಾಡಿಗೆ ಸವಕಳಿ ಶೇ 5 ಮಾತ್ರ, ಅಂದರೆ ಅಳಿಯನ ಪಾಲಿಸಿಯಲ್ಲಿ ಅವನ ಗಾಡಿಯ ಕಿಮ್ಮತ್ತು 7.60 ಲಕ್ಷ. ಅದೇ ಗಾಡಿ, ಅದೇ ಬಣ್ಣ, ಹೊಚ್ಚ ಹೊಸದು 7.32ಕ್ಕೆ ಎದುರಿಗೇ ನಿಂತಿದೆ. ಪಾಲಿಸಿಯ ಹಾಳೆ ತೋರಿಸಿ ವಾದ ಮಾಡಲು ಅವನು ಹೋದ, ಮಾತು ನಡೆಯಲಿಲ್ಲ. ಅಕ್ಷಯ ತೃತೀಯಕ್ಕೆ ಕೊಂಡವರಿಗೆ ಆದ ಈ ನೋವು ನಿಜವಾದದ್ದೇ, ಅದನ್ನು ನಾನು ಹಗುರ ಮಾಡುವುದಿಲ್ಲ. ಅವನು ಗಾಡಿ ಬದಲಿಸಬೇಕೆಂದು ಹಟ ಹಿಡಿದದ್ದೂ ಆ ಉರಿಯಲ್ಲೇ. "ಮಾಮಾ, ನಾ ಹೆಚ್ಚಿಗಿ ಕೊಟ್ಟೇನಿ, ಈಗರ ಕಡಿಮಿಗಿ ತಗೋತೇನಿ" ಅಂತ ಅವನ ಮಾತು. ಹೋದ 68 ಸಾವಿರ, ಗಾಡಿ ಮನೆಯಲ್ಲೇ ಇದ್ದರೆ ಹಾಳೆಯ ಮೇಲಿನ ನಷ್ಟ. ಮಾರಿದ ದಿನ ಅದು ಕೈಯಿಂದ ಹೋದ ರೊಕ್ಕವಾಗುತ್ತದೆ. ಇದನ್ನು ಅವನಿಗೆ ತಿಳಿಸಿ ಹೇಳಲು ನನಗೆ ಎರಡು ದಿನ ಬೇಕಾಯಿತು.

ಸಾಲದ ಕಡೆಯೂ ನೋಡಬೇಕು. 7 ಲಕ್ಷ ಸಾಲ, ಶೇ 9 ಬಡ್ಡಿ, ಏಳು ವರ್ಷ. ತಿಂಗಳಿಗೆ 11,262 ರೂಪಾಯಿ ಕಂತು. ಐದು ಕಂತಿಗೆ 56,310 ಕಟ್ಟಿದ್ದ, ಅಸಲಿಗೆ ಮುಟ್ಟಿದ್ದು ಸುಮಾರು 30,500. ಮೊದಲ ತಿಂಗಳುಗಳಲ್ಲಿ ಕಂತಿನ ಅರ್ಧದ ಹತ್ತಿರ ಬಡ್ಡಿಗೇ ಹೋಗುತ್ತದೆ. ಬಾಕಿ ಉಳಿದಿದ್ದು 6.69 ಲಕ್ಷ. ಶೋರೂಮಿನ 6.20, ಬೋನಸ್ 30 ಸಾವಿರ ಕೂಡಿಸಿದರೂ 6.50. ಗಾಡಿಯನ್ನೂ ಕೊಟ್ಟು ಇನ್ನೂ 19 ಸಾವಿರ ಬ್ಯಾಂಕಿಗೆ ಕಟ್ಟಬೇಕು. ಅವಧಿಗೆ ಮುಂಚೆ ಸಾಲ ಮುರಿದರೆ ಬೀಳುವ ದಂಡ ಬೇರೆ. ಇದೆಲ್ಲ ಹೊಸ ಸಾಲದ ಹನ್ನೆರಡೂವರೆ ಲಕ್ಷದೊಳಗೆ, ಕೈಯಿಂದ ಹಾಕಬೇಕಾದ ಎರಡೂವರೆ ಲಕ್ಷದೊಳಗೆ ಕಲಸಿಹೋಗಿತ್ತು. "ಬರೇ ಒಂಬತ್ತ ಸಾವಿರ" ಅಂದದ್ದು ಎಂಬತ್ತನಾಲ್ಕು ತಿಂಗಳಿಗೆ ಏಳು ಲಕ್ಷ ದಾಟುತ್ತದೆ.

ಗದಗ ಗಾಡಿಯ ಲೆಕ್ಕ ಗೊತ್ತಿಲ್ಲದ ಊರಲ್ಲ. 1976ರಲ್ಲಿ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ಸಾರಿಗೆ ವ್ಯವಹಾರ ಶುರು ಮಾಡಿದ್ದು ಇದೇ ಊರಿನಲ್ಲಿ. ಇವತ್ತಿಗೂ ಇಲ್ಲಿನ ಲಾರಿ ಮಾಲೀಕರನ್ನು ಕೇಳಿದರೆ ಟೈರಿಗೆ ಎಷ್ಟು, ಡೀಸೆಲ್‌ಗೆ ಎಷ್ಟು, ಕಿಲೋಮೀಟರಿಗೆ ಎಷ್ಟು ಬೀಳುತ್ತದೆ ಅಂತ ಪೈಸೆ ಬಿಡದೆ ಹೇಳುತ್ತಾರೆ. ಹೊಸ ಲಾರಿಯನ್ನು ಆರು ತಿಂಗಳಿಗೆ ಕೊಡುವ ಮಾತು ಅವರಲ್ಲಿ ಏಳುವುದೇ ಇಲ್ಲ. ಅದೇ ಮನೆಯವರು ಕಾರಿನ ವಿಷಯಕ್ಕೆ ಬಂದಾಗ ಪೆನ್ನು ಕೆಳಗಿಡುವುದನ್ನು ನೋಡಿದ್ದೇನೆ. ಕಾರು ದುಡಿಯುವುದಿಲ್ಲ, ಅದು ಮರ್ಯಾದೆಯ ಬಾಬತ್ತು ಎಂಬ ಭಾವನೆ ಬೇರೂರಿದೆ. ನನಗೆ ಇದು ಸರಿ ಕಾಣುವುದಿಲ್ಲ. ದುಡಿಯದ ಗಾಡಿಯ ನಷ್ಟವನ್ನು ತುಂಬಿಕೊಡುವುದು ಮನೆಯಲ್ಲಿ ದುಡಿಯುವವರೇ ತಾನೆ? ಉಳ್ಳಾಗಡ್ಡಿಗೆ ಒಂದು ವರ್ಷ ಬಂದ ರೇಟು ಮರುವರ್ಷ ಬರದ ಸೀಮೆ ನಮ್ಮದು, ಏಳು ವರ್ಷದ ಕಂತು ಮಾತ್ರ ತಪ್ಪದೆ ಬರುತ್ತದೆ.

ಹಾಗಂತ ಹೊಸ ಗಾಡಿ ಬದಲಿಸುವುದೆಲ್ಲ ತಪ್ಪು ಅನ್ನುವವನು ನಾನಲ್ಲ. ಮನೆಯ ಅಗತ್ಯವೇ ಬದಲಾದರೆ, ಗಾಡಿಯಲ್ಲಿ ಪದೇ ಪದೇ ಬರುವ ದೋಷವಿದ್ದರೆ, ಹೊಲದ ದಾರಿಯ ಗಾಲಿಜಾಡಿನಲ್ಲಿ ತಳ ಬಡಿಯುತ್ತಿದ್ದರೆ ನಷ್ಟ ನುಂಗಿಯಾದರೂ ಬದಲಿಸಬೇಕು. ಆಗಲೂ ಶೋರೂಮಿನ ದಾರಿ ಒಂದೇ ಅಲ್ಲ. ಲಕ್ಷ್ಮೇಶ್ವರದ ಒಬ್ಬ ಕಾಳಿನ ವ್ಯಾಪಾರಿ ಅಳಿಯನ ಗಾಡಿಯನ್ನು 6.80ಕ್ಕೆ ಕೇಳಿದ್ದರು. ಕೆಎ 26 ಪಾಸಿಂಗ್, ಸಿಂಗಲ್ ಓನರ್, ತೆರಿಗೆ ಕಟ್ಟಿದ್ದು. ಅವರಿಗೆ ಅದರ ಬೆಲೆ ಗೊತ್ತಿತ್ತು. ಹಳೆಯ ಗಾಡಿಯ ವ್ಯಾಪಾರದ ಮೇಲೆ, ಡೀಲರಿನ ಲಾಭಾಂಶಕ್ಕೆ, ಜಿಎಸ್‌ಟಿ ಶೇ 18 ಇದೆ. ಮನೆಯಿಂದ ಮನೆಗೆ ಮಾರುವಾಗ ಅದಿಲ್ಲ. ಆ 6.80ರಲ್ಲಿ ಸಾಲ ಪೂರ್ತಿ ಮುಗಿಯುತ್ತಿತ್ತು.

ಒಂದು ಎಚ್ಚರ ಮಾತ್ರ ಬೇಕು. ಗಾಡಿ ಕೊಟ್ಟು ರೊಕ್ಕ ಎಣಿಸಿಕೊಂಡರೆ ಕೆಲಸ ಮುಗಿಯುವುದಿಲ್ಲ. ಮಾರಿದ ಹದಿನಾಲ್ಕು ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು, ಅದಕ್ಕೆ ಫಾರಂ 29 ಮತ್ತು 30. ಸಾಲವಿದ್ದರೆ ಫಾರಂ 35. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ನಾಳೆ ಅಪಘಾತವಾದರೆ ಪರಿಹಾರದ ಹೊಣೆ ಆ ಹೆಸರಿಗೇ ಬರುತ್ತದೆ. ಅಧಿಕೃತ ಡೀಲರಿಗೆ ಒಪ್ಪಿಸಿದ ಗಾಡಿಯ ಹೊಣೆಯನ್ನು ಡೀಲರೇ ಹೊರುವ ನಿಯಮ 2023ರ ಏಪ್ರಿಲ್ 1ರಿಂದ ಇದೆ, ಆದರೆ ಒಪ್ಪಿಸಿದ್ದು ದಾಖಲಾಗಿರಬೇಕು. ಸಹಿ ಹಾಕಿದ ಖಾಲಿ ಫಾರಂ ಕೊಟ್ಟು ಬರುವ ಚಾಳಿ ನಮ್ಮಲ್ಲಿದೆ. ಅದನ್ನು ಬಿಡಬೇಕು.

ಅಳಿಯನ ಬಳಿ ಒಂದು ಗಟ್ಟಿ ಕಾರಣ ಇತ್ತು, ಅದನ್ನು ಹೇಳದೆ ಬಿಟ್ಟರೆ ಅವನಿಗೆ ಅನ್ಯಾಯವಾಗುತ್ತದೆ. ಅಕ್ಕನಿಗೆ ಮೊಣಕಾಲು ನೋವು. ಸಣ್ಣ ಗಾಡಿಯ ಸೀಟು ತಗ್ಗು, ಕೂತರೆ ಏಳಲು ಆಗುವುದಿಲ್ಲ. "ಅವ್ವಗ ಎತ್ತರದ ಗಾಡಿ ಬೇಕು ಮಾಮಾ" ಅಂದಾಗ ನನ್ನ ಲೆಕ್ಕವೆಲ್ಲ ಸಣ್ಣದಾಯಿತು. ಆ ಕಾರಣಕ್ಕಾದರೆ ಮೂರು ಲಕ್ಷ ಹೋಗಲಿ ಅನ್ನಿಸಿತ್ತು. ಅಪ್ಪ ಎತ್ತನ್ನು ನಮ್ಮ ಚಕ್ಕಡಿಗೇ ಹೂಡಿ ನೋಡದೆ ಮಾತು ಕೊಡುತ್ತಿರಲಿಲ್ಲ. ಅದು ನೆನಪಾಗಿ, ಮರುದಿನ ಅಕ್ಕನನ್ನೇ ಕರೆದುಕೊಂಡು ಹೋಗೋಣ ಅಂದೆ.

ದೊಡ್ಡ ಗಾಡಿಯ ಬಾಗಿಲು ತೆಗೆದರು. ಅಕ್ಕ ಸೀರೆಯ ನೆರಿಗೆ ಎತ್ತಿ ಹಿಡಿದು, ಒಂದು ಕೈ ನನ್ನ ಹೆಗಲ ಮೇಲಿಟ್ಟು, ಬಲಗಾಲು ಎತ್ತಿದಳು. ಹೊಸ್ತಿಲಿನಷ್ಟು ಎತ್ತರಕ್ಕೆ ಬಂದ ಕಾಲು ಅಲ್ಲೇ ನಿಂತಿತು. ಮತ್ತೊಮ್ಮೆ ಪ್ರಯತ್ನ ಮಾಡಿದಳು. "ತಮ್ಮಾ, ಕಾಲ ಏಳವಲ್ದು" ಅಂದಳು. ಶೋರೂಮಿನ ಹುಡುಗಿ ಓಡಿ ಹೋಗಿ ಒಂದು ಸ್ಟೂಲು ತಂದಳು. ಅದರ ಮೇಲೆ ಕಾಲಿಟ್ಟು ಅಕ್ಕ ಹತ್ತಿದಳು, ಕೂತಳು, ಕಿಟಕಿಯಿಂದ ಹೊರಗೆ ನೋಡಿದಳು. ಚೆನ್ನಾಗೇ ಇತ್ತು. ಇಳಿಯುವಾಗ ಮತ್ತೆ ಸ್ಟೂಲು ಬೇಕಾಯಿತು. "ಮಣಿ ಇಟ್ಟರ ಹತ್ತತೇನಿ. ದವಾಖಾನಿಗೆ ಹೋಗಾಗ ಮಣಿ ಹೊತಗೊಂಡ ಹೋಗೂದೇನೋ?" ಅಂತ ಮಗನನ್ನು ಕೇಳಿದಳು.

ಅವನು ಚೀಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡ. ಮುಂಡರಗಿಗೆ ವಾಪಸ್ ಹೋದವನೇ ಮನೆಯಿಂದ ಹಳೆಯ ಕೌದಿ ತಂದು, ನಾಲ್ಕು ಮಡಿಕೆ ಮಾಡಿ ಮುಂದಿನ ಸೀಟಿನ ಮೇಲೆ ಹಾಸಿ, ಎದ್ದು ಕೂತು ನೋಡೆಂದು ಅಕ್ಕನಿಗೆ ಹೇಳಿದನಂತೆ. ಮೂರು ಮಡಿಕೆ ಸಾಕು, ನಾಲ್ಕಾದರೆ ತಲೆಗೆ ತಾಗುತ್ತದೆ ಅಂತ ಅವಳೇ ಫೋನಿನಲ್ಲಿ ಹೇಳಿದಳು.