ತಲಕಾಡಿನ ಶಾಪವೂ ಸಮುದಾಯದ ಪಾಪವೂ

ತಿರುಮಕೂಡಲು ನರಸೀಪುರ ತಾಲ್ಲೂಕಿನ ತಲಕಾಡಿನ ಐತಿಹ್ಯವನ್ನು ಕೇಳದವರು ಈ ಪ್ರಾಂತದಲ್ಲಿ ವಿರಳ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ತರುವಾಯ, ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಜನ ಪತ್ನಿ ಅಲಮೇಲಮ್ಮನ ಆಭರಣಗಳಿಗಾಗಿ ಅರಸನ ಆಳುಗಳು ಬೆನ್ನಟ್ಟಿದರೆಂದೂ, ಆಕೆ ಮಾಲಂಗಿಯ ಬಳಿ ಕಾವೇರಿಗೆ ಹಾರುವಾಗ ಶಪಿಸಿದಳೆಂದೂ ಕಥೆ. ಆ ಶಾಪದಿಂದಲೇ ತಲಕಾಡನ್ನು ಮರಳು ಮುಚ್ಚಿತು, ಮೈಸೂರು ದೊರೆಗಳಿಗೆ ಸಂತಾನ ತಪ್ಪಿತು ಎಂಬುದು ಜನರ ನಂಬಿಕೆ.

ಮರಳಿನ ಕಾರಣವನ್ನು ಸಂಶೋಧಕರು ಕಾವೇರಿಯ ತಿರುವಿನಲ್ಲಿ, ಗಾಳಿಯಲ್ಲಿ, ಮಾಧವಮಂತ್ರಿಯ ಕಟ್ಟೆಯಲ್ಲಿ ಅರಸಿದ್ದಾರೆ. ಪ್ರಕೃತ ವಿಚಾರ ಅದಲ್ಲ. ತಪ್ಪು ಅರಸನದು, ಮನೆ, ಗುಡಿಗಳನ್ನು ಕಳೆದುಕೊಂಡವರು ಊರಿನವರು. ಅವರು ಮಾಡಿದ ಅಪರಾಧವೇನು? ಐತಿಹ್ಯವು ಈ ಪ್ರಶ್ನೆಯನ್ನು ಎತ್ತುವುದೇ ಇಲ್ಲ.

ಇದೇ ಸಮಸ್ಯೆ ಬೈಬಲಿನ ಹಳೆಯ ಒಡಂಬಡಿಕೆಯಲ್ಲೂ ಉಂಟು. ಅಲ್ಲಿ ಮೈಲಿಗೆ ಬೇರೆ, ಪಾಪ ಬೇರೆ. ಹೆರಿಗೆಯಿಂದ, ಶವಸ್ಪರ್ಶದಿಂದ ಬರುವ ಮೈಲಿಗೆ ದೋಷವಲ್ಲ. ನಿಯತ ದಿನಗಳು ಕಳೆದು ವಿಧಿಗಳು ಮುಗಿದರೆ ಅದು ತೀರುತ್ತದೆ. ಆದರೆ ಘೋರ ದುಷ್ಕೃತ್ಯಗಳಿಂದ ನೆಲವೇ ಅಶುದ್ಧವಾಗಿ ತನ್ನ ನಿವಾಸಿಗಳನ್ನು ಹೊರದೂಡುವುದೆಂದು ಯಾಜಕಕಾಂಡವು ಎಚ್ಚರಿಸುತ್ತದೆ. ಆಕಾನನೊಬ್ಬನು ಕೊಳ್ಳೆಯ ಬೆಳ್ಳಿಬಂಗಾರವನ್ನು ಬಚ್ಚಿಟ್ಟದ್ದಕ್ಕೆ ಆಯಿ ಎಂಬ ಊರಿನ ಯುದ್ಧದಲ್ಲಿ ಸುಮಾರು 36 ಮಂದಿ ಮಡಿದರೆಂದು ಯೆಹೋಶುವನ ಗ್ರಂಥ ಹೇಳುತ್ತದೆ.

ಇಲ್ಲಿಯವರೆಗೆ ಎರಡು ಕಥೆಗಳ ನ್ಯಾಯವೂ ಒಂದೇ. ಆದರೆ ಬೈಬಲು ಇಲ್ಲಿಗೆ ನಿಲ್ಲುವುದಿಲ್ಲ. ದಾವೀದನು ಮಾಡಿಸಿದ ಜನಗಣತಿಯ ದೋಷಕ್ಕಾಗಿ 70,000 ಮಂದಿ ವ್ಯಾಧಿಯಿಂದ ಸತ್ತಾಗ, ತಪ್ಪು ತನ್ನದು, ಈ ಪ್ರಜೆಗಳು ಮಾಡಿದ್ದೇನು ಎಂದು ಆ ಅರಸನೇ ಕೇಳುತ್ತಾನೆ. ತಂದೆಯ ದೋಷವನ್ನು ಮಗನು ಹೊರತಕ್ಕದ್ದಲ್ಲವೆಂದು ಪ್ರವಾದಿ ಯೆಹೆಜ್ಕೇಲನು ಸಾರುತ್ತಾನೆ. ಧರ್ಮೋಪದೇಶಕಾಂಡದ ವಿಧಿಯೊಂದು ಇನ್ನೂ ಸೂಕ್ಷ್ಮವಾದುದು. ಹೊಲದಲ್ಲಿ ಹತನಾದವನ ಶವ ಸಿಕ್ಕಿ, ಕೊಂದವನು ತಿಳಿಯದಿದ್ದರೆ, ಅತಿ ಸಮೀಪದ ಊರು ಯಾವುದೆಂದು ಅಳೆಯಬೇಕು. ಆ ಊರಿನ ಹಿರಿಯರು ಕಡಸೊಂದರ ಕುತ್ತಿಗೆ ಮುರಿದು, ಅದರ ಮೇಲೆ ಕೈತೊಳೆದು, ಕ್ಷಮೆ ಬೇಡಬೇಕು. ಊರು ಕೊಲೆಗಡುಕನಲ್ಲ, ಆದರೂ ತನಗೆ ಸಂಬಂಧವಿಲ್ಲವೆಂದು ಸುಮ್ಮನಿರುವಂತಿಲ್ಲ.

ಈ ದೃಷ್ಟಿಯಿಂದ ನೋಡಿದರೆ ನಮ್ಮ ಐತಿಹ್ಯದ ಕೊರತೆ ಸ್ಪಷ್ಟವಾಗುತ್ತದೆ. ಮೈಸೂರಿನ ಅರಮನೆಯಲ್ಲಿ ನವರಾತ್ರಿಯ ಕಾಲಕ್ಕೆ ಅಲಮೇಲಮ್ಮನ ಪ್ರತಿಮೆಗೆ ಪೂಜೆ ಸಲ್ಲುತ್ತ ಬಂದಿದೆ. ಹೆಣ್ಣೊಬ್ಬಳಿಗಾದ ಅನ್ಯಾಯವನ್ನು ರಾಜವಂಶವು ನೆನೆಯುವುದು ಸಣ್ಣ ಮಾತಲ್ಲ. ಆದರೆ ಐತಿಹ್ಯದೊಳಗೆ ತಲಕಾಡಿನವರ ಪರವಾಗಿ ಯಾರೂ ದಾವೀದನಂತೆ ಕೇಳಲಿಲ್ಲ. ಪಾಪದ ಫಲವನ್ನು ಎಲ್ಲರಿಗೂ ಹಂಚಿದ ಕಥೆಯು ಹೊಣೆಯನ್ನು ಮಾತ್ರ ಒಂದು ವಂಶಕ್ಕೆ ಬಿಟ್ಟಿತು.

ಇದು ಹಳೆಯ ಕಾಲದ ಚರ್ಚೆಯಷ್ಟೇ ಅಲ್ಲ. ನೆರೆಯ ನಂಜನಗೂಡು ತಾಲ್ಲೂಕಿನ ಬದನವಾಳು ಖಾದಿ ಕೇಂದ್ರದಿಂದ ಹೆಸರಾದ ಊರು. ಅಲ್ಲಿ ದೇವಾಲಯ ಪ್ರವೇಶದ ವಿವಾದ ಬೆಳೆದು, 1993ರ ಮಾರ್ಚ್ ತಿಂಗಳಲ್ಲಿ ಮೂವರು ದಲಿತರು ಹತರಾದರು. ಅಲ್ಲಿ ಬೇರೂರಿದ್ದ ಮೈಲಿಗೆಯ ಭಾವನೆ ದಿನ ಕಳೆದರೆ ತೀರುವಂಥದಲ್ಲ, ಹುಟ್ಟಿಗೇ ಅಂಟಿಸಿದ್ದು. ಕೊಂದವರ ದಂಡನೆ ನ್ಯಾಯಾಲಯದ ಕಾರ್ಯ. ಆ ಅಪರಾಧವನ್ನು ಒಂದು ಊರಿಗೋ ಒಂದು ಜಾತಿಯ ಮಕ್ಕಳಿಗೋ ಶಾಪದಂತೆ ಅಂಟಿಸುವುದು ನ್ಯಾಯವಲ್ಲ. ಆದರೆ ಅಳತೆಯ ಹಗ್ಗ ಹಿಡಿದು ಸಮೀಪದ ಊರು ಯಾವುದೆಂದು ಕೇಳಿದರೆ, ಮೈಸೂರು ಸೀಮೆಯ ನಾವು ಯಾರೂ ದೂರದವರಲ್ಲ.