ಎಸ್ಕಾನ ಗುರಾಣಿ ಮತ್ತು ಕೈವಾರದ ಗೆರೆ

ರೋಸ್‌ಮರಿ ಸಟ್‌ಕ್ಲಿಫ್ ಅವರ ‘ದಿ ಈಗಲ್ ಆಫ್ ದಿ ನೈನ್ತ್’ (1954) ಕಾದಂಬರಿಯನ್ನು ಮೆಚ್ಚುವವರೂ ತೆಗಳುವವರೂ ಕೊನೆಗೆ ಬಂದು ನಿಲ್ಲುವುದು ಒಂದೇ ಸಂಭಾಷಣೆಯ ಎದುರಿಗೆ. ರೋಮನ್ ಆಳ್ವಿಕೆಯ ಬ್ರಿಟನ್ನಿನಲ್ಲಿ ಸೋತವರಿಗೆ ದನಿ ಕೊಟ್ಟ ಪುಟ ಎಂಬ ಕೀರ್ತಿ ಅದಕ್ಕಿದೆ. ನನ್ನ ತಕರಾರು ಆ ಕೀರ್ತಿಯ ಬಗ್ಗೆಯೇ. ಅಲ್ಲಿ ಕೇಳಿಸುವುದು ಗೆದ್ದವನ ಅಭಿರುಚಿ. ನಾಲಿಗೆ ಮಾತ್ರ ಸೋತವನದು.

ಕಾಲಿಗೆ ಏಟು ಬಿದ್ದು ರೋಮನ್ ಸೈನ್ಯ ಬಿಟ್ಟ ಮಾರ್ಕಸ್, ಅಖಾಡದಲ್ಲಿ ಅವನು ಕೊಂಡು ತಂದ ಬ್ರಿಗಾಂಟಿಸ್ ಬುಡಕಟ್ಟಿನ ಗುಲಾಮ ಎಸ್ಕಾ: ಆ ಸಂಭಾಷಣೆ ಇವರಿಬ್ಬರದು. ನ್ಯಾಯ, ಶಿಸ್ತು, ಒಳ್ಳೆಯ ರಸ್ತೆ ಎಲ್ಲವನ್ನೂ ತಂದಿದ್ದೇವಲ್ಲ, ನಿಮ್ಮವರಿಗೇಕೆ ಸಿಟ್ಟು ಎಂದು ಮಾರ್ಕಸ್ ಕೇಳುತ್ತಾನೆ. ತೆತ್ತ ಬೆಲೆ ದೊಡ್ಡದು ಎನ್ನುತ್ತಾನೆ ಎಸ್ಕಾ. ಹೋದದ್ದು ಸ್ವಾತಂತ್ರ್ಯವೊಂದೇ ಅಲ್ಲ, ಮತ್ತೇನೋ ಇದೆ. ಅದನ್ನು ತೋರಿಸಲು ಅವನು ಎರಡು ವಸ್ತುಗಳನ್ನು ಎದುರುಬದುರು ನಿಲ್ಲಿಸುತ್ತಾನೆ: ರೋಮನ್ ಬಾಕುವಿನ ಒರೆ, ಬ್ರಿಟನ್ನರ ಗುರಾಣಿಯ ನಡುವಿನ ಉಬ್ಬು. ಒರೆಯ ಮೇಲೆ ಅಳೆದು ಕೂರಿಸಿದ ವಿನ್ಯಾಸ ತನ್ನನ್ನೇ ಮರುಕಳಿಸುತ್ತ ಹೋಗುತ್ತದೆ. ಗುರಾಣಿಯ ಗೆರೆಗಳಲ್ಲಿ ಪ್ರಕೃತಿಯ ಚಲನೆಯಿದೆ. ನೀವು ಗೋಡೆ ಕಟ್ಟುವ ಜನ, ನಾವು ಬೇರೆ ಜನ ಎಂಬುದು ಅವನ ವಾದ.

ಗದ್ಯ ಚೆಲುವಾಗಿದೆ, ಒಪ್ಪುತ್ತೇನೆ. ಆದರೆ ಈ ಎಸ್ಕಾನ ತಂದೆಯೂ ಅಣ್ಣತಮ್ಮಂದಿರೂ ರೋಮನ್ನರ ಕೈಯಲ್ಲಿ ಸತ್ತವರು. ಶತ್ರುಗಳು ಒಳನುಗ್ಗುವ ಮೊದಲು ತಾಯಿಯನ್ನು, ಅವಳೇ ಬಯಸಿದ್ದರಿಂದ, ತಂದೆಯೇ ಕೊಂದ. ಇದನ್ನು ಕಾದಂಬರಿಯೇ ನಮಗೆ ತಿಳಿಸಿದೆ. ಅಂಥವನಿಗೆ ನಿನ್ನ ದೂರೇನು ಎಂಬ ನೇರ ಪ್ರಶ್ನೆ ಎದುರಾದಾಗ ಲೇಖಕಿ ಅವನ ಬಾಯಿಗೆ ಕೊಡುವುದು ಕಲಾಮೀಮಾಂಸೆಯನ್ನು. ಕಸಿದುಕೊಂಡ ನೆಲ, ಹೇರಿದ ತೆರಿಗೆ, ಗುಲಾಮಗಿರಿಯ ಗುರುತಾಗಿ ಕೊಯ್ದ ಕಿವಿ ಹಿಂದೆ ಸರಿಯುತ್ತವೆ. ಜಗಳವೆಲ್ಲ ಎರಡು ಮನೋಧರ್ಮಗಳ ನಡುವಿನ ವಿಷಾದಕರ ಅಂತರವಾಗಿಬಿಡುತ್ತದೆ. ಅಂತರಕ್ಕೆ ಯಾರೂ ಹೊಣೆಯಲ್ಲ. ಮಾರ್ಕಸ್ ಹಾಯಾಗಿ ತಲೆದೂಗಬಹುದು.

ಕಲೆಯ ಬಗೆಗಾದರೂ ಅವನು ಹೇಳುವುದು ಸರಿಯೇ? ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಬ್ಯಾಟರ್‌ಸೀ ಗುರಾಣಿಯಿದೆ, 1857ರಲ್ಲಿ ಥೇಮ್ಸ್ ನದಿಯಲ್ಲಿ ಸಿಕ್ಕಿದ್ದು. ಅದರ ಕಂಚಿನ ಮುಖದ ಎಡ ಬಲಗಳು ಒಂದಕ್ಕೊಂದು ಹೊಂದುತ್ತವೆ. ಕೆಂಪು ಗಾಜಿನ ತುಣುಕುಗಳೂ ಲೆಕ್ಕವಿಟ್ಟೇ ಕೂತಿವೆ. ಅಲ್ಲೇ ಇರುವ, 1908ರಲ್ಲಿ ದೊರೆತ ಡೆಸ್‌ಬರೋ ಕನ್ನಡಿಯ ಹಿಂಬದಿಯಲ್ಲಿ ಬಳ್ಳಿಯ ಹಾಗೆ ಕಾಣುವ ಬಾಗುಗಳಿಗೆ ಕೈವಾರದಿಂದ ಎಳೆದ ವೃತ್ತಗಳೇ ಆಧಾರ. ಅಳತೆ, ಸಮತೂಕ, ಮರುಕಳಿಕೆ ಎಂದು ಎಸ್ಕಾ ರೋಮಿಗೆ ಬಿಟ್ಟುಕೊಟ್ಟದ್ದೆಲ್ಲ ಅವನ ಜನರ ಕಸುಬುದಾರರ ಕೈಯಲ್ಲೇ ಇತ್ತು. ಗಣಿತ ಆಳುವವರಿಗೆ, ಗಾಳಿ ನೀರು ಆಳಿಸಿಕೊಂಡವರಿಗೆ ಎಂಬ ಈ ಹಂಚಿಕೆ ಬ್ರಿಗಾಂಟಿಸ್ ಜನರದ್ದಲ್ಲ. ರೋಮನ್ ಆಳ್ವಿಕೆಯಲ್ಲಿ ಕೆಲ್ಟಿಕ್ ಕಲೆ ಬತ್ತಿತೆಂದು ಇತಿಹಾಸಕಾರ ಆರ್. ಜಿ. ಕಾಲಿಂಗ್‌ವುಡ್ 1936ರಲ್ಲೇ ಮರುಗಿದ್ದರು. ಎಸ್ಕಾನ ಅಳಲು ಆ ಇಪ್ಪತ್ತನೆಯ ಶತಮಾನದ ಮರುಕಕ್ಕೇ ಹತ್ತಿರ.

ಇಲ್ಲಿ ನನಗೆ ವಿಮರ್ಶಕರ ಎರಡು ಬಣಗಳ ಮೇಲೂ ಸಿಟ್ಟಿದೆ. ಒಂದು ಬಣಕ್ಕೆ ಈ ಪುಟ ವಸಾಹತುವಿರೋಧಿ ಪ್ರಜ್ಞೆಯ ಮುಂಗಾಣ್ಕೆ. ಇನ್ನೊಂದು ಬಣ ಸಟ್‌ಕ್ಲಿಫ್‌ರನ್ನು ಕಿಪ್ಲಿಂಗನ ವಾರಸುದಾರಿಣಿ ಎಂದು ತಳ್ಳಿಹಾಕುತ್ತದೆ. ಎಸ್ಕಾನೇ ಅಸಲಿ ಬ್ರಿಟನ್ನ ಎಂಬುದರಲ್ಲಿ ಮಾತ್ರ ಇಬ್ಬರಿಗೂ ಅನುಮಾನವಿಲ್ಲ. ಕಿಪ್ಲಿಂಗನ ಹೆಸರೆತ್ತುವವರು ‘ಕಿಮ್’ (1901) ಅನ್ನು ತೆರೆದು ನೋಡಲಿ. ಕುದುರೆ ವ್ಯಾಪಾರಿ ಪಠಾಣ ಮಹಬೂಬ್ ಅಲಿಗೆ ಅಲ್ಲಿ ಎಂಥ ಘನತೆ! ಇಂಗ್ಲಿಷ್ ಕಲಿತ ಹರಿ ಬಾಬುವಿನ ಪಾಲಿಗೆ, ಅವನಿಗೆ ಧೈರ್ಯವಿದ್ದರೂ, ನಗೆಪಾಟಲು. ಆಳುವವರಿಗೆ ತಮ್ಮಂತಾಗದ ದೇಶೀಯನ ಮೇಲೆ ಪ್ರೀತಿ, ತಮ್ಮಂತಾಗಲು ಹೊರಟವನನ್ನು ಕಂಡರೆ ಇರಿಸುಮುರಿಸು. ಸಟ್‌ಕ್ಲಿಫ್ ಈ ತಕ್ಕಡಿಯನ್ನು ಹಾಗೇ ಎತ್ತಿಕೊಂಡಿದ್ದಾರೆ. ಎಸ್ಕಾ ಧೀರ. ಕ್ಯಾಲೆವಾ ಊರಿನ ವಲೇರಿಯಾ, ರೋಮನ್ ಉಡುಗೆ ತೊಟ್ಟು ರೋಮನ್ ರೀತಿ ನಡೆಯುವ ಬ್ರಿಟನ್ ಗೃಹಿಣಿ, ನಗೆಗೀಡು.

ಆದರೆ ಆ ಕಾಲದ ಬ್ರಿಟನ್ನರಲ್ಲಿ ತಮ್ಮ ಮಾತನ್ನು ಉಳಿಸಿಹೋದವರು ವಲೇರಿಯಾಳ ಕಡೆಯವರೇ. ಬಾತ್ ಊರಿನ ಬಿಸಿನೀರ ಬುಗ್ಗೆಯಲ್ಲಿ ಸಿಕ್ಕ ಸುಮಾರು 130 ಸೀಸದ ತಗಡುಗಳಲ್ಲಿ ಕಳ್ಳರಿಗೆ ಹಾಕಿದ ಶಾಪಗಳಿವೆ. ಒಬ್ಬನ ಕೈಗವಸು ಹೋಗಿದೆ, ಇನ್ನೊಬ್ಬನ ಮೇಲಂಗಿ. ಕೆಲ್ಟಿಕ್ ಹೆಸರಿನವರು ಲ್ಯಾಟಿನ್‌ನಲ್ಲಿ ಬರೆದು, ಸ್ಥಳೀಯ ದೇವಿ ಸುಲಿಸ್‌ಳನ್ನು ರೋಮಿನ ಮಿನರ್ವಳೊಂದಿಗೆ ಬೆಸೆದು, ಕದ್ದವನಿಗೆ ನಿದ್ದೆ ಬಾರದಿರಲಿ ಎಂದು ಮೊರೆಯಿಡುತ್ತಾರೆ. ಆಳುವವರ ಭಾಷೆಯನ್ನು ತಮ್ಮ ಸಿಟ್ಟಿಗೆ ಬಳಸಿಕೊಂಡ ಈ ಜನ ನಗೆಪಾಟಲಿನವರೂ ಅಲ್ಲ, ಗಾಳಿ ನೀರಿನ ಮಕ್ಕಳೂ ಅಲ್ಲ. ಈ ತಗಡುಗಳು ಹೊರಬಂದದ್ದು ಹೆಚ್ಚಾಗಿ 1979–80ರ ಉತ್ಖನನದಲ್ಲಿ, ಆದ್ದರಿಂದ 1954ರ ಲೇಖಕಿಯನ್ನು ದೂರಲಾಗದು. ಅವು ಅಚ್ಚಾದ ಮೇಲೂ ಎಸ್ಕಾನನ್ನೇ ಅಳತೆಗೋಲಾಗಿ ಹಿಡಿದ ವಿಮರ್ಶಕರನ್ನು ದೂರಬಹುದು.

ಸಟ್‌ಕ್ಲಿಫ್‌ಗೆ ಬೇರೆ ದಾರಿ ಕಾಣದೆ ಇರಲಿಲ್ಲ. ವಲೇರಿಯಾಳ ಆಸರೆಯಲ್ಲಿ ಬೆಳೆಯುವ ಕೊಟಿಯಾ ಇದೇ ಕಾದಂಬರಿಯಲ್ಲಿದ್ದಾಳೆ: ಐಸೀನಿ ಬುಡಕಟ್ಟಿನ ಹುಡುಗಿ, ವಲೇರಿಯಾ ಹೇರಿದ ರೋಮನ್ ಉಡುಪಿನಲ್ಲಿ ಉಸಿರುಗಟ್ಟಿ ರೇಗುವವಳು, ಆದರೂ ಪಕ್ಕದ ಮನೆಯ ರೋಮನ್ ತರುಣ ಮಾರ್ಕಸ್‌ನ ಸ್ನೇಹ ಬಯಸುವವಳು. ಅವಳಿಗೆ ಯಾವ ಸಿದ್ಧಾಂತವೂ ಬೇಡ. ಅವಳ ಒಂದೊಂದು ಹಟದಲ್ಲೂ ಆ ಕಾಲದ ಇಕ್ಕಟ್ಟು ಇದೆ. ಮಾರ್ಕಸ್ ಉತ್ತರಕ್ಕೆ ಹೊರಡುತ್ತಲೇ ಕಾದಂಬರಿ ಅವಳನ್ನು ಹಿಂದೆ ಬಿಟ್ಟು, ಕೊನೆಯಲ್ಲಿ ಅವನಿಗೆ ಮದುವೆಯ ಹೆಣ್ಣಾಗಿ ಮರಳಿ ಕರೆಯುತ್ತದೆ. ಎಸ್ಕಾನಿಗೆ ಸಿಗುವುದು ರೋಮನ್ ಪೌರತ್ವ. ರೋಮಿನ ವಿರುದ್ಧ ಗುರಾಣಿ ತೋರಿಸಿ ವಾದಿಸಿದವನು ಅದನ್ನು ಹೇಗೆ ಸ್ವೀಕರಿಸಿದ, ಒಳಗೇನು ಕುದಿಯಿತು ಎಂದು ಕಾದಂಬರಿ ಕೇಳಬೇಕಿತ್ತು. ಬ್ರಿಟನ್ನನೊಬ್ಬನ ನಿಜವಾದ ಕತೆ ಶುರುವಾಗಬೇಕಿದ್ದ ಆ ಜಾಗದಲ್ಲೇ ಪುಸ್ತಕ ಮುಗಿಯುತ್ತದೆ.